ಹದಿನೇಳು, ಅರವತ್ತಾರು

ಮೊಯ್ದೂ, ನಿನಗೆ ಸಿಟ್ಟು ಬಂದದ್ದು
ಓರ್ಲ ಬದುಕಿದ್ದಾಳೆ ಅಂತ.
ಇಂಟರ್ವಲ್ಲಿನಲ್ಲಿ, ಕಾಸರಗೋಡಿನ ಆ ಥಿಯೇಟರಿನ ಮೆಟ್ಟಿಲಲ್ಲಿ,
ಪಾಪ್‌ಕಾರ್ನ್ ಬಕೆಟು ಮಗುವಿನ ಹಾಗೆ ಎತ್ತಿಕೊಂಡು
"ಮೂರನೇ ಭಾಗದಲ್ಲಿ ಹೋದವಳಲ್ಲವೋ ಇವಳು,
ನಾವೇ ಅತ್ತದ್ದಲ್ಲವೋ" ಎಂದೆ ನೀನು.
ಹಿಂದಿದ್ದ ಹುಡುಗರು ನಮ್ಮ ನರೆ ನೋಡಿ ನಕ್ಕರು.

ಅತ್ತದ್ದು ಹೌದು.
ಉಪ್ಪಳದಲ್ಲಿ ನಿನ್ನ ಉಪ್ಪನ ವೀಡಿಯೋ ಅಂಗಡಿ, ಅರ್ಧ ಎಳೆದ ಶಟರು,
ಬೂಸ್ಟು ಬಂದ ಕ್ಯಾಸೆಟ್ಟು ಒರೆಸಿ ಒರೆಸಿ
ನೋಡಿದ್ದೆವು:
ಹೆಲಿಯಾನ್ ನೌಕೆಗೆ ದಾರಿ ಕಾಣಲೆಂದು
ಹೆಸರಿಲ್ಲದ ಒಂದು ಉಪಗ್ರಹದಲ್ಲಿ ದೀಪ ಹಿಡಿದು
ಹಿಂದುಳಿದಳು ಓರ್ಲ.
ಕಿಟಕಿಯಲ್ಲಿ ಆ ದೀಪ ಸಾಸಿವೆಯಾಯಿತು, ಆಮೇಲೆ
ಕ್ಯಾಸೆಟ್ಟಿನ ಗೀರೋ ದೀಪವೋ ತಿಳಿಯದ ಹಾಗಾಯಿತು.

ಮುಂದಿನ ಏಳು ಭಾಗವೂ ಆ ಸಾಸಿವೆಯ ಮೇಲೆಯೇ ನಿಂತದ್ದು.
ಕಪ್ತಾನಿ ದೀಪ ಆರಿಸದೆ ಮಲಗುವುದು,
ತಂಗಿಯ ಮಗಳಿಗೆ ಆ ಹೆಸರಿಟ್ಟದ್ದು,
ಮಾತಾಡುವಾಗ ಎಡಗೈ ಯಾವಾಗಲೂ ಕಿಟಕಿಯ ಕಡೆಗೆ.

ಈಗ ಏನಾಯಿತು? ಮುದುಕಿ ಕಪ್ತಾನಿ
ಕಾಲದ ಬಾವಿಗೆ ಒಂದೇ ಒಂದು ಮಾತು ಇಳಿಬಿಟ್ಟಳು,
ತನ್ನದೇ ಹರೆಯದ ಕಿವಿಗೆ ಮುಟ್ಟುವಷ್ಟು ಹಗ್ಗ:
ಅವಳನ್ನು ಬಿಟ್ಟು ಬರಬೇಡ.
ಬಿಡಲಿಲ್ಲ. ಅಷ್ಟೇ.
ಓರ್ಲ ಈಗ ನೌಕೆಯಲ್ಲಿ ಜೋಕು ಹೇಳುತ್ತಾಳೆ, ಚಹಾ ಚೆಲ್ಲುತ್ತಾಳೆ,
ತನಗಾಗಿ ಯಾರೋ ಏಳು ಭಾಗ ನಿದ್ದೆಗೆಟ್ಟದ್ದು ಗೊತ್ತಿಲ್ಲ.
ಕಪ್ತಾನಿಗೋ, ಅವಳ ನಗುವೇ ಕಿರಿಕಿರಿ.

ನನ್ನದು ದಸ್ತಾವೇಜು ಬರೆಯುವ ಕೈ, ಮೊಯ್ದು.
ಇಪ್ಪತ್ತೈದು ವರ್ಷ ಮಂಜೇಶ್ವರದ ರಿಜಿಸ್ಟ್ರಿ ಕಚೇರಿಯ ಎದುರು
ಇಂಥವರಿಂದ ಇಂಥವರಿಗೆ, ಅವರಿಂದ ಇವರಿಗೆ.
ಒಂದು ಕೊಂಡಿ ತಪ್ಪಿದರೆ ತೆಂಗಿನಮರವೂ ಅನಾಥ.
ಆದ್ದರಿಂದಲೇ ಹೆಲಿಯಾನಿಗೂ ಒಂದು ಪುಸ್ತಕ ಇಟ್ಟೆ:
ಯಾವ ಭಾಗದಲ್ಲಿ ಯಾವ ಗಾಯ, ಯಾರ ಋಣ ಯಾರಿಗೆ.
ಹೊಸಬರು ಬಂದರು. ಅಡ್ಡಗೆರೆ ಎಳೆದು
ರದ್ದು ಅನ್ನಲಿಲ್ಲ, ಅಷ್ಟು ದಡ್ಡರಲ್ಲ.
ಅದು ಬೇರೆ ಕವಲು, ಎಲ್ಲೋ ನಡೆಯುತ್ತಲೇ ಇದೆ ಎಂದರು.
ಎಲ್ಲೋ ಅಂದರೆ ಎಲ್ಲಿ?
ಸರ್ವೆ ನಂಬರು ಕೊಡಿ.

ಅಮ್ಮನಿಗೆ ಹೇಳಿದರೆ ಅವಳಿಗೇನೂ ಸೋಜಿಗವಿಲ್ಲ.
ಒಂದೇ ಜಗಲಿಯಲ್ಲಿ ಕೂತು
ಎರಡು ರಾಜ್ಯ, ಮೂರು ಜಿಲ್ಲೆ ಕಂಡವಳು.
ಹುಟ್ಟಿದ್ದು ಮದ್ರಾಸಿನ ಸೌತ್ ಕೆನರಾ,
ಒಂದನೇ ಕ್ಲಾಸಿಗೆ ಹೊರಡುವಾಗ ಕಣ್ಣೂರು,
ನನ್ನನ್ನು ಶಾಲೆಗೆ ಸೇರಿಸುವಾಗ ಕಾಸರಗೋಡು.
ಬಾವಿಕಟ್ಟೆ ಒಂದಿಂಚು ಅಲ್ಲಾಡಿರಲಿಲ್ಲ.
ಬೋರ್ಡಿನಲ್ಲಿ ಮಂಜೇಶ್ವರದ ಬಾಲಕ್ಕೊಂದು ಸೊನ್ನೆ ಬಂತು;
ಅದನ್ನವಳು ಇವತ್ತಿಗೂ ಲೆಕ್ಕಕ್ಕೆ ಹಿಡಿದಿಲ್ಲ.

ಮೊನ್ನೆ ನಿನ್ನ ಅಂಗಡಿ ನೋಡಲು ಬಂದೆ.
ಆರು ಪಥದ ಹೆದ್ದಾರಿ ಅದನ್ನು ನಡುವಿಗೇ ಸೀಳಿಕೊಂಡು ಹೋಗಿದೆ.
ಉಳಿದ ಗೋಡೆಯಲ್ಲಿ ಹಳೇ ಪೋಸ್ಟರಿನ ಎಡಭಾಗ:
ಓರ್ಲಳ ಒಂದು ಕಿವಿ, ಒಂದು ಭುಜ.
ದೀಪ ಹಿಡಿದ ಕೈ ರಸ್ತೆಗೆ ಹೋಯಿತು.
ಪರಿಹಾರ ಎಷ್ಟು ಬಂತು ಎಂದು ಕೇಳಿದೆ.
ನೀನು ಹೇಳಲಿಲ್ಲ.

ಹೊಸ ರಸ್ತೆ ನೇರ. ಹಳೆಯದು ಬಾಗುತ್ತಿದ್ದಲ್ಲಿ
ಮೂವತ್ತು ಮಾರು ಡಾಮರು ಹಾಗೇ ಉಳಿದಿದೆ,
ಎಲ್ಲಿಂದಲೂ ಬಾರದ್ದು, ಎಲ್ಲಿಗೂ ಹೋಗದ್ದು,
ನಡುವಿನ ಬಿಳಿ ಗೆರೆ ಸಮೇತ.
ಯಾರೋ ಅದರ ಮೇಲೆ ಒಣಮೀನು ಹರಡಿದ್ದಾರೆ.
ನೀನು ಸ್ಕೂಟರ್ ತಂದು ನಿಲ್ಲಿಸಿದೆ,
ತೀರ ಎಡಕ್ಕೆ, ಲಾರಿಗಳಿಗೆ ದಾರಿ ಬಿಟ್ಟು.
"ಆಚೆಯದು ಅರವತ್ತಾರು" ಎಂದೆ,
"ಇಲ್ಲಿ ಇನ್ನೂ ಹದಿನೇಳು."

ಮೀನಿಗೆ ಕಾಗೆ ಬಂತು.
ನಮ್ಮದಲ್ಲದ ಮೀನು; ಆದರೂ
ಇಬ್ಬರೂ ಕೈ ಬೀಸಿ ಓಡಿಸಿದೆವು.